ಜಾಗ ಬಿಟ್ಟ ಕೆಂಪು ಗಿಡ

“ಬೂಟು ಒರಸಿಕೊಂಡು ಬರ್ರಿ. ಕೊಲಿಗಾರ್ತಿ ಮನಿ ಅಂತ ಊರೆಲ್ಲಾ ಅಂತದ. ಆದ್ರೂ ನೆಲಾ ಒರಸಾಕಿ ನಾನಽ.”

ಮೆಟ್ಟಿಲ ಮೇಲೆ ನಿಂತಿದ್ದ ಇಬ್ಬರು ಗಂಡಸರು ಮುಖ ಮುಖ ನೋಡಿಕೊಂಡರು. ಆಮೇಲೆ ಬೈಸಿಕೊಂಡ ಮಕ್ಕಳ ಹಾಗೆ ತಲೆ ತಗ್ಗಿಸಿ ಬೂಟು ಒರೆಸಿಕೊಂಡರು. ಮುಂದಿದ್ದ ದಪ್ಪನೆಯ ಹೆಸೆಲ್ ಆಲ್ದೆಸಿಲ್ ಊರಿನ ಅಕ್ವೇರಿಯಂ ಸಂಘದ ಅಧ್ಯಕ್ಷ. ಅವನ ಹಿಂದೆ ಚರ್ಮದ ಚೀಲ ಹಿಡಿದಿದ್ದ ಕಡ್ಡಿ ದೇಹದ ಫೊಪ್ಪೆ ತೀರ್ಪುಗಾರ. ಚಳಿಗಾಲ ಬಂತೆಂದರೆ ಮನೆಮನೆಗೆ ಹೋಗಿ, ಜನರ ನಡುಮನೆಯಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತು, ಗಾಜಿನ ತೊಟ್ಟಿಯೊಳಗಿನ ತೋಟಕ್ಕೆ ಅಂಕ ಹಾಕುವುದು ಅವನ ಕೆಲಸ.

“ಗೇಸ್ಕೆ, ಇನ್ನೊಮ್ಮೆ ವಿಚಾರ ಮಾಡು,” ಎಂದ ಹೆಸೆಲ್. “ಈ ವರ್ಷ ಸಿಬ್ರನ್ ಹೆಸರು ಬಿಟ್ಟುಬಿಡೂಣು. ಯಾರೂ ತಪ್ಪು ತಿಳಕೊಳ್ಳಂಗಿಲ್ಲ.”

“ನಾ ತಿಳಕೋತೀನಿ. ಕಾಣೆ ಆದಾಂವ ನನ್ನ ಗಂಡ, ಅವನ ತೊಟ್ಟಿ ಅಲ್ಲ. ಒಳಗ ಬರ್ರಿ, ಥಂಡಿ ನಿಮ್ಮಕಿಂತ ಮೊದಲಽ ಒಳಗ ಬಂದು ಕೂತದ.”

ದೋಣಿಗಳು ದಾಟಲೆಂದು ಸೇತುವೆ ಎತ್ತಿ ಇಳಿಸುವ ಕೆಲಸದಲ್ಲಿ ಆಯುಷ್ಯ ಕಳೆದಿದ್ದ ಸಿಬ್ರನ್, ಸಂತ ನಿಕೋಲಾಸನ ಹಬ್ಬದ ಮರುದಿನ ಸೈಕಲ್ ಹತ್ತಿ ಹೋದವನು ಹಿಂತಿರುಗಿರಲಿಲ್ಲ. ಸೈಕಲ್ ಕಾಲುವೆಯಲ್ಲಿ ಸಿಕ್ಕಿತು, ಅವನು ಸಿಗಲಿಲ್ಲ.

ನಡುಮನೆಯಲ್ಲಿ ಇನ್ಸ್‌ಪೆಕ್ಟರ್ ಕೋರ್ಟೆನ್ ಕೋಟು ಕೂಡ ಬಿಚ್ಚದೆ ಕುಳಿತಿದ್ದ. ಹಾರ್ಲೆಮ್ ಕಡೆಯವನು. ಫ್ರೀಸ್‌ಲ್ಯಾಂಡಿಗೆ ಬಂದು ವರ್ಷಗಳೇ ಆಗಿದ್ದರೂ ಇಲ್ಲಿನ ಫ್ರೀಸಿಯನ್ ಮಾತು ಅವನಿಗೆ ಕೊಳದ ಬಾತುಗಳ ಗದ್ದಲವಿದ್ದ ಹಾಗೆ. ಅವನ ಎದುರಿಗೆ ಬಂದರೆ ಊರವರೆಲ್ಲ ನಾಲಿಗೆ ತಿರುಗಿಸಿ ಡಚ್ ಆಡಬೇಕು. ಬಾಗಿಲಲ್ಲಿ ತಮ್ಮ ಮಾತು ಆಡಿಕೊಂಡು ಬಂದ ಮೂವರೂ ಹೊಸ್ತಿಲು ದಾಟಿದ್ದೇ ಡಚ್ಚಿಗೆ ತಿರುಗಿದರು.

“ಮೆಫ್ರೌ ಗೇಸ್ಕೆ, ಈ ತಮಾಷೆ ಮುಗಿಯೋ ತನಕ ಕಾಯ್ತೀನಿ ಅಂದಿದೀನಿ, ಕಾಯ್ತೀನಿ,” ಎಂದ ಕೋರ್ಟೆನ್. “ಆಮೇಲೆ ನೀವು ಕೋಟು ಹಾಕ್ಕೊಂಡು ನನ್ನ ಜೊತೆ ಬರಬೇಕು. ನಿನ್ನೆ ಥರ ಸಂಜೆಗೆ ವಾಪಸ್ ಕಳ್ಸಲ್ಲ. ಈ ಸಲ ಗಂಡನ್ನ ಕೊಂದ ಆರೋಪದ ಮೇಲೆ.”

“ನಿಮ್ಮನೇಲಿ ಗಿಡ ಬೆಳೆಸ್ತೀರಾ?”

“ಇಲ್ಲ. ಯಾಕೆ?”

“ತಮಾಷೆ ಅಂದ್ರಲ್ಲ, ಅದಕ್ಕೇ ಕೇಳಿದೆ.”

ಗೇಸ್ಕೆ ಎಲ್ಲರಿಗೂ ಕಾಫಿ ಬಗ್ಗಿಸಿ, ಒಬ್ಬೊಬ್ಬರಿಗೆ ಒಂದೊಂದು ಬಿಸ್ಕತ್ತು ಕೊಟ್ಟು ಡಬ್ಬದ ಮುಚ್ಚಳ ಟಪ್ಪನೆ ಮುಚ್ಚಿದಳು. ಕೋರ್ಟೆನ್ ಕೈ ಡಬ್ಬದ ಕಡೆ ಹೋಗಿ ಹಾಗೆಯೇ ಹಿಂದಕ್ಕೆ ಬಂತು.

“ಪೊಲೀಸರಿಗೂ ಒಂದೇ,” ಎಂದಳು.

ತೊಟ್ಟಿ ಕಿಟಕಿಯ ಎದುರು ಗೋಡೆಗೆ ಇತ್ತು, ಗೋಡೆಯ ಆ ತುದಿಯಿಂದ ಈ ತುದಿಯವರೆಗೆ. ದೀಪದ ಕೆಳಗೆ ಸಿಬ್ರನ್ನನ ತೋಟ ಹಸುರಿಗೆ ಹಸುರು ಒತ್ತಿಕೊಂಡು ನಿಂತಿತ್ತು. ಹಿಂದುಗಡೆ ರಿಬ್ಬನ್ ಹುಲ್ಲಿನ ಪರದೆ. ಅದರ ಮುಂದೆ ಸಣ್ಣೆಲೆ, ದಪ್ಪೆಲೆ, ಗರಿಗರಿ ಎಲೆ. ಒಂದು ಗುಂಪು ಇನ್ನೊಂದರ ಅಂಗಳಕ್ಕೆ ಕಾಲಿಡದ ಹಾಗೆ ಕತ್ತರಿಸಿ ನಿಲ್ಲಿಸಿದ ಗಿಡಗಳು. ನಡುವೆ ಲೊಬೇಲಿಯಾ ಗಿಡಗಳದೊಂದು ಬೀದಿ. ಮುಂದೆ ಗಿಡ್ಡ, ಹಿಂದಕ್ಕೆ ಹೋಗುತ್ತ ಒಂದೊಂದು ಬೆರಳು ಎತ್ತರ. ನೋಡುವವರಿಗೆ ಆ ಬೀದಿ ಎಲ್ಲೋ ದೂರದ ಗುಡ್ಡಕ್ಕೆ ಹತ್ತುತ್ತಿದೆ ಅನ್ನಿಸಬೇಕು. ಈ ದೇಶದವರಿಗೆ ಗುಡ್ಡ ಕಾಣಸಿಗುವುದು ನೀರಿನೊಳಗೆ ಮಾತ್ರ.

ಹೆಸೆಲ್ ಕಾಫಿ ಬಟ್ಟಲು ಹಿಡಿದು ತೊಟ್ಟಿಯ ಮುಂದೆ ಬಗ್ಗಿದ. ಬಗ್ಗಿದವನು ಹಾಗೆಯೇ ನಿಂತ.

“ಅರೆ! ಕೆಂಪು ಎಲ್ಲಿ?”

ಗಾಜಿಗೆ ಮೂಗು ತಾಗಿಸಿ ಹುಡುಕಿದ.

“ಓ, ಇಲ್ಲಿದೆ! ನಡುವಿಂದ ಬಲಕ್ಕೆ ಬಂದುಬಿಟ್ಟಿದೆ! ಗೇಸ್ಕೆ, ಇದೇನಿದು? ಸಿಬ್ರನ್ ಹಟ ಕೊನೆಗೂ ಮುರೀತಾ?”

ಗೇಸ್ಕೆ ಹೆಸೆಲನ ಕಡೆ ನೋಡುತ್ತಲೇ ಇರಲಿಲ್ಲ. ಅವಳ ಕಣ್ಣು ತೀರ್ಪುಗಾರನ ಮೇಲಿತ್ತು.

ಫೊಪ್ಪೆ ಕುರ್ಚಿಯಲ್ಲಿ ಕುಳಿತು, ಗಾಜಿನ ನಳಿಗೆಯಲ್ಲಿ ತೊಟ್ಟಿಯ ನೀರು ಹಿಡಿದು, ಅದಕ್ಕೆ ಔಷಧಿ ಹನಿಸಿ ಬಣ್ಣ ನೋಡುತ್ತಿದ್ದ. ನೀರು ಹಳದಿಗೆ ತಿರುಗಿ ಎಷ್ಟು ಹೊತ್ತಾದರೂ ಅವನು ಕಣ್ಣು ಎತ್ತಲಿಲ್ಲ.

ಆ ಕೆಂಪು ಗಿಡದ ಕಥೆ ಸಂಘದಲ್ಲಿ ಗೊತ್ತಿಲ್ಲದವರಿರಲಿಲ್ಲ. ಹೊನಗೊನ್ನೆಯ ಜಾತಿಯ ಗಿಡ, ಎಲೆಯ ಬೆನ್ನು ಬೀಟ್‌ರೂಟ್ ಹಿಂಡಿದ ಹಾಗೆ ಕೆಂಪು. ಒಂದು ತೊಟ್ಟಿಗೆ ಕೆಂಪಿನ ಒಂದೇ ಗುಂಪು, ಅದೂ ನಟ್ಟನಡುವೆ ಕೂಡದು, ಒಂದು ಪಕ್ಕಕ್ಕೆ ಇರಬೇಕು, ಇಲ್ಲದಿದ್ದರೆ ಕಣ್ಣು ಅಲ್ಲಿಯೇ ಅಂಟಿಕೊಂಡು ಉಳಿದ ತೋಟ ಸತ್ತುಹೋಗುತ್ತದೆ ಎಂಬುದು ಕಟ್ಟಳೆ. ಸಿಬ್ರನ್ ಅದನ್ನು ನಟ್ಟನಡುವೆ ಇಟ್ಟಿದ್ದ. ಪ್ರತಿ ವರ್ಷ ಫೊಪ್ಪೆ ಅಂಕ ಕಳೆಯುತ್ತಿದ್ದ. ಪ್ರತಿ ವರ್ಷ ಸಿಬ್ರನ್ “ಅಂಕ ನಿನ್ನದು, ತೊಟ್ಟಿ ನನ್ನದು” ಎನ್ನುತ್ತಿದ್ದ. ಆ ಅಂಕದಿಂದಲೇ ಎಷ್ಟೋ ಸಲ ಅವನ ಕೈಗೆ ಮೊದಲ ಬಹುಮಾನ ಬಂದಂತೆ ಬಂದು ತಪ್ಪಿತ್ತು.

ಆದರೆ ಅದನ್ನು ಅಲ್ಲಿ ನೆಟ್ಟವಳು ಗೇಸ್ಕೆ ಎಂಬುದು ಗಂಡ ಹೆಂಡತಿಗೆ ಬಿಟ್ಟರೆ ಯಾರಿಗೂ ತಿಳಿದಿರಲಿಲ್ಲ. ದೊಡ್ಡ ಕಾಯಿಲೆಯಿಂದ ಎದ್ದ ವರ್ಷ ಅವಳು ಕುರ್ಚಿ ಬಿಟ್ಟು ನಾಲ್ಕು ಹೆಜ್ಜೆ ನಡೆದದ್ದು ಈ ತೊಟ್ಟಿಯವರೆಗೆ. ಸಿಬ್ರನ್ ತೋಳು ಮಡಚಿ ಗಿಡ ಕತ್ತರಿಸುತ್ತಿದ್ದ. ಅವನ ಕೈಯಿಂದ ಆ ಕೆಂಪು ತುದಿಯನ್ನು ಕಸಿದುಕೊಂಡು ನಡುವಿನ ಜಲ್ಲಿಯಲ್ಲಿ ಚುಚ್ಚಿ, “ಒಲೆ ಮನೆ ನಡುವೆ ಇರಬೇಕು” ಎಂದಿದ್ದಳು. ಅವನು ನಕ್ಕಿದ್ದ. ಅಂದಿನಿಂದ ಆ ಗುಂಪು ಅಲ್ಲಿಂದ ಅಲ್ಲಾಡಿರಲಿಲ್ಲ.

ಅಲ್ಲಾಡಿದ್ದು ನಿನ್ನೆ. ಮಧ್ಯಾಹ್ನ ಕೋರ್ಟೆನ್ ಹೇಳದೆ ಕೇಳದೆ ಬಂದು, ಒಲೆಯ ಮೇಲಿನ ಸೂಪು ಇಳಿಸುವುದಕ್ಕೂ ಬಿಡದೆ ಅವಳನ್ನು ಠಾಣೆಗೆ ಕರೆದುಕೊಂಡು ಹೋಗಿದ್ದ. ಸಂಜೆ ಬಂದು ದೀಪ ಹಾಕಿದರೆ ಕೆಂಪು ಜಾಗ ಬಿಟ್ಟಿತ್ತು. ಬೀಗ ಸರಿಯಾಗಿತ್ತು. ಮನೆಯಲ್ಲಿ ಒಂದು ಚಮಚ ಕೂಡ ಆಚೀಚೆ ಆಗಿರಲಿಲ್ಲ.

“ನೋಡಿದ್ರಾ?” ಎಂದ ಕೋರ್ಟೆನ್, ಹೆಸೆಲನ ಕಡೆ ತಿರುಗಿ. “ಯಾರೋ ಕಳ್ಳ ಬಂದು ಗಿಡ ಸರಿಸಿ ಹೋದ ಅಂತ ಬೆಳಿಗ್ಗೆಯಿಂದ ಇವರ ವಾದ. ಕಳ್ಳ! ಗಡಿಯಾರ ಬಿಟ್ಟ, ಬೆಳ್ಳಿ ಬಿಟ್ಟ, ಗಿಡ ಸರಿಸಿದ! ಗಂಡ ಕಾಲುವೇಲಿ, ಹೆಂಡತಿ ಬಹುಮಾನಕ್ಕೋಸ್ಕರ ಗಿಡ ಸರಿ ಮಾಡ್ತಾ ಕೂತಿದ್ಲು. ಕೋರ್ಟಿನಲ್ಲಿ ಇದನ್ನ ಹೇಳಿದ್ರೆ ಸಾಕು.”

“ಹೇಳಿ,” ಎಂದಳು ಗೇಸ್ಕೆ. “ಆದ್ರೆ ಅದಕ್ಕೆ ಮೊದಲು ತೀರ್ಪು ಕೇಳೋಣ. ಫೊಪ್ಪೆ, ಕೆಂಪು ಗಿಡದ ಬಗ್ಗೆ ಏನು ಹೇಳ್ತೀಯಾ?”

“ಚೆನ್ನಾಗಿದೆ.”

“ಅಷ್ಟೇನಾ?”

“ಆರೋಗ್ಯವಾಗಿದೆ. ಬಣ್ಣ ಚೆನ್ನಾಗಿದೆ.”

“ಫೊಪ್ಪೆ,” ಎಂದಳು ಅವಳು, ಮೆತ್ತಗೆ. “ಹೋದ ವರ್ಷ ಈ ಕೆಂಪಿನ ಮೇಲೆ ನೀನು ಭಾಷಣ ಮಾಡ್ತಾ ಮಾಡ್ತಾ ಕಾಫಿ ಆರಿಹೋಯ್ತು. ಅದರ ಹಿಂದಿನ ವರ್ಷ ಸಿಬ್ರನ್ನನ್ನ ಕತ್ತೆ ಅಂದೆ. ಹೆಸೆಲನಿಗೆ ಮುಂಬಾಗಿಲಿಂದ ಬರ್ತಾ ದಾರಿನೇ ಕಾಣಲ್ಲ, ಅಂಥವನಿಗೆ ಬಂದ ಕೂಡಲೆ ಕಾಣ್ತು. ನಿನಗೆ ಕಾಣಲಿಲ್ಲ. ಯಾಕೆ?”

“ಇದೇನು ಮಾತು...” ಎಂದು ಹೆಸೆಲ್ ಗೊಣಗಿದ. ಅವಮಾನ ತನಗಾಯಿತೋ ಫೊಪ್ಪೆಗಾಯಿತೋ ಅವನಿಗೆ ತಿಳಿಯಲಿಲ್ಲ.

“ನಿನಗೆ ಮೊದಲೇ ಗೊತ್ತಿತ್ತು. ಅದಕ್ಕೇ ಕಾಣಲಿಲ್ಲ. ಮನೆಗೆ ಬಂದ ಕಳ್ಳನೇ ಆಗಿದ್ರೆ ಕಿತ್ತ ಗಿಡನ ಕಸದ ಬುಟ್ಟಿಗೆ ಎಸೀತಿದ್ದ. ಇಲ್ಲ, ತೆಗೆದ ಜಾಗದಲ್ಲೇ ತುರುಕಿ ಓಡಿಹೋಗ್ತಿದ್ದ. ಇವನು ಕಟ್ಟಳೆ ಪ್ರಕಾರ ಜಾಗ ಅಳೆದು, ಒಂದೊಂದು ಕಾಂಡಾನೂ ಬಿಡಿಬಿಡಿಯಾಗಿ, ಎತ್ತರ ನೋಡಿ ನೆಟ್ಟಿದಾನೆ. ಇಡೀ ಜಿಲ್ಲೇಲಿ ಈ ಕೆಂಪು ಯಾರ ಕಣ್ಣಿಗೆ ಇಷ್ಟು ವರ್ಷ ಮುಳ್ಳಾಗಿ ಚುಚ್ತಿತ್ತು ಹೇಳು?”

ಫೊಪ್ಪೆ ನಳಿಗೆಯನ್ನು ಮೇಜಿನ ಮೇಲಿಟ್ಟ. ಅವನ ಕಿವಿಯ ತುದಿ ಕೆಂಪಾಯಿತು.

“ನಾನು ತೀರ್ಪುಗಾರ ಗೇಸ್ಕೆ. ಇನ್ನೊಬ್ಬರ ನೀರಿಗೆ ಕೈ ಹಾಕೋನಲ್ಲ. ನನ್ನ ಜೀವಮಾನದಲ್ಲಿ ಹಾಕಿಲ್ಲ.”

“ತೋಳು ಮೇಲಕ್ಕೆ ಮಡಚು.”

“ಏನು?”

“ಆ ಜಲ್ಲೀಲಿ ಸಿಬ್ರನ್ ಲಾವಾ ಕಲ್ಲಿನ ಚೂರು ಬೆರೆಸಿದಾನೆ. ಅಭ್ಯಾಸ ಇಲ್ಲದೋರು ಕೈ ಹಾಕಿದ್ರೆ ಬೆಕ್ಕು ಪರಚಿದ ಹಾಗೆ ಗೀರು ಬೀಳುತ್ತೆ. ನಿನ್ನ ಕೈ ನೋಡೋಣ.”

ಫೊಪ್ಪೆ ತೋಳು ಮಡಚಲಿಲ್ಲ. ಅಂಗಿಯ ತೋಳಿನ ಗುಂಡಿಯ ಮೇಲೆ ಇನ್ನೊಂದು ಕೈ ಮುಚ್ಚಿಕೊಂಡ. ಅಷ್ಟು ಸಾಕಾಯಿತು.

“ಅಯ್ಯೋ ದೇವರೇ, ಫೊಪ್ಪೆ!” ಎಂದ ಹೆಸೆಲ್.

“ನಾನೇ ಅವನ ಕೊಲೆ ಮಾಡಿದೆ ಅನ್ನೋ ಥರ ನೋಡ್ಬೇಡಿ!” ಫೊಪ್ಪೆ ಎದ್ದುನಿಂತ. ದನಿ ಒಡೆದಿತ್ತು. “ಅವನಿಗೆ ಮಾತು ಕೊಟ್ಟಿದ್ದೆ. ಯಾರಿಗೂ ಹೇಳಲ್ಲ ಅಂತ ಮಾತು ಕೊಟ್ಟಿದ್ದೆ. ನಿನ್ನನ್ನ ಇವತ್ತೇ ಹಿಡ್ಕೊಂಡು ಹೋಗ್ತಾರೆ ಅಂತ ನನಗೇನು ಗೊತ್ತು? ಸಿಬ್ರನ್ ಬದುಕಿದಾನೆ ಗೇಸ್ಕೆ! ನಿನ್ನೆ ನನಗೆ ಫೋನ್ ಮಾಡಿದ್ದ.”

ಗೇಸ್ಕೆ ಕುರ್ಚಿಯ ಬೆನ್ನು ಹಿಡಿದುಕೊಂಡಳು. ಹಿಡಿದುಕೊಂಡದ್ದು ಯಾರಿಗೂ ಕಾಣದ ಹಾಗೆ ಅದರ ಮೇಲಿದ್ದ ಬಟ್ಟೆಯನ್ನು ಸರಿಪಡಿಸುವವಳಂತೆ ನಿಂತಳು. ಬದುಕಿದ್ದಾನೆ. ಇಷ್ಟು ದಿನ ಊರಿಗೆ ಊರೇ ಅವಳನ್ನು ವಿಧವೆ ಮಾಡಿ, ಕೊಲೆಗಾತಿ ಮಾಡಿ, ರೊಟ್ಟಿ ಅಂಗಡಿಯ ಸಾಲಿನಲ್ಲಿ ಜಾಗ ಬಿಟ್ಟು ದೂರ ಸರಿದಿತ್ತು. ಅವಳು ಒಂದು ದಿನವೂ ಕಪ್ಪು ಬಟ್ಟೆ ಉಟ್ಟಿರಲಿಲ್ಲ.

“ಏನಂದ?”

“ತನ್ನ ಇಷ್ಟದಿಂದ್ಲೇ ಮನೆ ಬಿಟ್ಟಿದೀನಿ ಅಂದ. ನಿನಗೆ ಹೇಳಬಾರದು ಅಂದ. ನಿಮ್ಮ ಜಗಳದ ವಿಷಯ ಎಲ್ಲರಿಗೂ ಗೊತ್ತಲ್ಲ, ನಾನು... ಗಂಡ ಹೆಂಡತಿ ವಿಚಾರ ಅಂದ್ಕೊಂಡೆ.”

ಜಗಳ ನಡೆದದ್ದು ನಿಜ. ಪಕ್ಕದ ಮನೆಯವರು ಪೊಲೀಸರ ಮುಂದೆ ಹೇಳಿದ್ದೂ ಅದನ್ನೇ. ಯಾವುದರ ಬಗ್ಗೆ ಎಂದು ಮಾತ್ರ ಗೇಸ್ಕೆ ಯಾರಿಗೂ ಬಾಯಿ ಬಿಟ್ಟಿರಲಿಲ್ಲ. ಸಿಬ್ರನ್ ಸೇತುವೆಯ ಕೆಳಗಿನಿಂದ ಬಲೆಯಲ್ಲಿ ಏನನ್ನೋ ಎತ್ತಿ ತಂದಿದ್ದ. ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದು. ಅವಳಿಗೂ ತೋರಿಸಲಿಲ್ಲ. “ಪೊಲೀಸರಿಗೆ ಕೊಟ್ಟು ಕೈ ತೊಳ್ಕೋ” ಎಂದು ಗಂಟಲು ಹರಿಯುವಂತೆ ಕೂಗಿದ್ದು ಅವಳೇ. ಮರುದಿನ ಅವನು ಸೈಕಲ್ ಹತ್ತಿದ್ದ.

“ಮುಂದೆ?”

“ಕೆಂಪು ಗಿಡದ ಬೇರಿನ ಕೆಳಗೆ ಜೇಡಿಮಣ್ಣಿನ ಉಂಡೆ ಇದೆ, ಅದನ್ನ ತೆಗೆದು ಸೇತುವೆ ಹತ್ತಿರ, ಹಿಮ ಬಿದ್ದಾಗ ರಸ್ತೆಗೆ ಹಾಕೋ ಮರಳಿನ ಪೆಟ್ಟಿಗೇಲಿ ಇಟ್ಟು ಹೋಗು ಅಂದ. ಬೀಗದ ಕೈ ಹಿತ್ತಿಲಲ್ಲಿ ಹಳೇ ಮರದ ಬೂಟಿನೊಳಗಿದೆ ಅಂತಲೂ ಹೇಳಿದ. ಇತ್ತು.”

ಗಿಡಕ್ಕೆ ಸತ್ವ ಬರಲೆಂದು ಬೇರಿಗೆ ಗೋಲಿಯಷ್ಟು ಜೇಡಿಮಣ್ಣು ಒತ್ತುವುದು ಇವರೆಲ್ಲರ ರೂಢಿ. ಅದನ್ನು ಕದ್ದು ತೆಗೆಸುವವರು ಯಾರೂ ಇಲ್ಲ.

“ಎಷ್ಟು ದೊಡ್ಡದಿತ್ತು?” ಎಂದ ಹೆಸೆಲ್.

“ಆಲೂಗಡ್ಡೆಯಷ್ಟು. ಭಾರ ಇತ್ತು. ಒಳಗೆ ಲೋಹದ್ದೇನೋ ಇತ್ತು. ನಾನು ಒಡೆಯಲಿಲ್ಲ. ಹೇಳಿದ ಜಾಗದಲ್ಲಿ ಇಟ್ಟು ಬಂದೆ.”

“ಕೆಂಪು ಗಿಡ?” ಎಂದಳು ಗೇಸ್ಕೆ. “ಅದನ್ನ ಯಾಕೆ ಅಲ್ಲೇ ನೆಡಲಿಲ್ಲ?”

ಫೊಪ್ಪೆ ತಲೆ ತಗ್ಗಿಸಿದ. “ನಾನಾಗಿ ಸರಿಸಲಿಲ್ಲ. ಆಣೆ ಮಾಡ್ತೀನಿ. ಅವನೇ ಹೇಳಿದ. ‘ಹೇಗೂ ಕೀಳ್ತೀಯಲ್ಲ, ಇನ್ನು ಸರಿಯಾದ ಜಾಗಕ್ಕೆ ನೆಟ್ಟುಬಿಡು. ಇಷ್ಟು ವರ್ಷ ನೀನು ಹೇಳಿದ್ದೇ ಸರಿ. ಗೇಸ್ಕೆಗೂ ಆ ನಡುವಿನ ಕೆಂಪು ಕಂಡ್ರೆ ಆಗ್ತಿರಲಿಲ್ಲ’ ಅಂದ.”

ಗೇಸ್ಕೆ ತೊಟ್ಟಿಯ ನಡುವೆ ಕೆಂಪು ಇದ್ದ ಜಾಗವನ್ನು ನೋಡಿದಳು. ನನಗೆ ಆಗುತ್ತಿರಲಿಲ್ಲವೆ? ಅವನು, ಆ ಮಾತನ್ನು, ಅವನ ಬಾಯಿಯಿಂದ?

ಆಮೇಲೆ ನಗು ಬಂತು. ತಡೆದುಕೊಂಡರೂ ಭುಜ ಅಲುಗಿತು. ಸಿಬ್ರನ್ ಸುಳ್ಳು ಹೇಳಿದ್ದ. ಅದು ಸುಳ್ಳೆಂದು ಗೊತ್ತಿರುವವಳು ಭೂಮಿಯ ಮೇಲೆ ಒಬ್ಬಳೇ. ಅವಳಿಗೆ ತಲುಪಲಿ ಎಂದೇ ಫೊಪ್ಪೆಯ ಕೈಯಲ್ಲಿ ಗಿಡ ಸರಿಸಿದ್ದ. ಇಷ್ಟಪಟ್ಟು ಮನೆ ಬಿಟ್ಟ ಗಂಡಸು ಹೀಗೆ ಹೇಳಿ ಕಳಿಸುವುದಿಲ್ಲ. ಬಿಟ್ಟು ಹೋಗುವುದೇ ಆಗಿದ್ದರೆ ಆ ಕೆಂಪನ್ನು ಅದರ ಪಾಡಿಗೆ ಬಿಡುತ್ತಿದ್ದ. ಯಾರದೋ ಹಿಡಿತದಲ್ಲಿ, ಯಾರೋ ಕಿವಿಗೊಟ್ಟು ಪಕ್ಕದಲ್ಲಿ ಕುಳಿತಿರುವಾಗ, ಅವನ ಬಾಯಿಗೆ ಸಿಕ್ಕ ಒಂದೇ ಕೂಗು ಇದು.

ಅವನು ಬದುಕಿದ್ದ. ಹಟವನ್ನೂ ಬಿಟ್ಟಿರಲಿಲ್ಲ.

“ಫೊಪ್ಪೆ, ಒಂದು ಹೇಳು. ನಿನ್ನ ಜೊತೆ ಯಾವ ಭಾಷೇಲಿ ಮಾತಾಡಿದ?”

ಫೊಪ್ಪೆ ತಬ್ಬಿಬ್ಬಾದ. “ಡಚ್ಚಲ್ಲಿ. ನೀನು ಕೇಳಿದ್ದಕ್ಕೆ ನೆನಪಾಯ್ತು, ನನಗೂ ವಿಚಿತ್ರ ಅನ್ನಿಸ್ತು. ನಾವಿಬ್ಬರೂ ಶಾಲೆಯಿಂದ ಒಟ್ಟಿಗೆ ಬೆಳೆದೋರು. ಅವನು ನನಗೆ ಡಚ್ಚಲ್ಲಿ ಒಂದು ‘ನಮಸ್ಕಾರ’ ಹೇಳಿದ್ದೂ ಇಲ್ಲ. ನಾನು ನಮ್ಮ ಮಾತಲ್ಲೇ ಕೇಳಿದ್ರೂ ಅವನು ಡಚ್ಚಲ್ಲೇ ಉತ್ತರ ಕೊಟ್ಟ.”

“ನಾನು ಮನೇಲಿದ್ರೆ ಏನು ಮಾಡಬೇಕು ಅಂತ ನೀನು ಕೇಳಲಿಲ್ವಾ?”

“ಕೇಳ್ದೆ. ‘ಅವಳನ್ನ ಈಗ ತಾನೇ ಹೊರಗೆ ಕರ್ಕೊಂಡು ಹೋಗಿದಾರೆ, ಸಂಜೆ ತನಕ ಬಿಡಲ್ಲ, ಆರಾಮಾಗಿ ಕೆಲಸ ಮಾಡು’ ಅಂದ.”

ತೊಟ್ಟಿಯ ನೀರು ಸಣ್ಣಗೆ ಗುಳುಗುಳು ಎನ್ನುತ್ತಿತ್ತು.

ಈಗ ತಾನೇ ಕರೆದುಕೊಂಡು ಹೋಗಿದ್ದಾರೆ. ಸಂಜೆಯ ತನಕ ಬಿಡುವುದಿಲ್ಲ. ಅವಳಿಗೇ ಗೊತ್ತಿರದಿದ್ದ ಸಂಗತಿ ಅದು. ಅಷ್ಟು ಹೊತ್ತು ಕೂರಿಸುತ್ತಾರೆಂದು ತಿಳಿದಿದ್ದರೆ, ಕೋರ್ಟೆನ್ ಬೇಡವೆಂದರೂ ಅವಳು ಸೂಪಿನ ಉರಿಯನ್ನಾದರೂ ಆರಿಸಿ ಹೋಗುತ್ತಿದ್ದಳು. ಎಷ್ಟು ಹೊತ್ತು ಎಂಬುದು ಕೂರಿಸಿಕೊಂಡವನಿಗೆ ಮಾತ್ರ ಗೊತ್ತು.

ಅವಳು ತಿರುಗಿ ನೋಡಲಿಲ್ಲ. ತೊಟ್ಟಿಯ ಗಾಜಿನಲ್ಲಿ ಕೋರ್ಟೆನ್ ಕಾಣುತ್ತಿದ್ದ. ಸತ್ತನೆಂದುಕೊಂಡವನು ಬದುಕಿದ್ದಾನೆ ಎಂಬ ಸುದ್ದಿ ಕೇಳಿದ ಪೊಲೀಸು ಮೊದಲು ಫೋನಿಗೆ ಕೈ ಹಾಕಬೇಕು. ಫೋನು ಅವನ ಮೊಣಕೈಯ ಹತ್ತಿರವೇ ಇತ್ತು. ಅವನು ಅದರ ಕಡೆ ನೋಡಲೂ ಇಲ್ಲ. ಎದ್ದುಹೋಗಿ ಮುಂಬಾಗಿಲ ದಾರಿಗೆ ಅಡ್ಡ ನಿಂತ.

“ಸಾಕು,” ಎಂದ. “ಇವರು ಇಬ್ಬರೂ ಸೇರಿ ಚೆನ್ನಾಗಿ ಕಥೆ ಕಟ್ಟಿದಾರೆ. ಮೆನೀರ್ ಫೊಪ್ಪೆ, ನೀವೂ ಕೋಟು ಹಾಕ್ಕೊಳ್ಳಿ. ನಿಮ್ಮ ಹೇಳಿಕೆ ಠಾಣೇಲಿ ತಗೋತೀನಿ.”

“ಫೋನ್ ಮಾಡಿ ಇನ್ನೊಬ್ಬರನ್ನ ಕರೆಸಲ್ವಾ?” ಎಂದ ಹೆಸೆಲ್, ಮುಗ್ಧವಾಗಿ. “ಮನುಷ್ಯ ಬದುಕಿದಾನಲ್ಲ, ಹುಡುಕಬೇಡ್ವಾ?”

“ನನ್ನ ಕೆಲಸ ನನಗೆ ಬಿಡಿ.”

ಗೇಸ್ಕೆ ಹೆಸೆಲನ ಖಾಲಿ ಬಟ್ಟಲನ್ನು ತೆಗೆದುಕೊಳ್ಳಲು ಬಗ್ಗಿದಳು. ಮನೆಯಲ್ಲಿ ದಿನವೂ ಆಡುವ ಮಾತನ್ನು ಆಡುವಷ್ಟೇ ಸಲೀಸಾಗಿ, ತಮ್ಮ ಫ್ರೀಸಿಯನ್ನಿನಲ್ಲಿ ಅಂದಳು:

“ಹೆಸೆಲ್, ಮಾರಿ ಮ್ಯಾಲೆ ಏನೂ ತೋರಿಸಬ್ಯಾಡ. ಅಡಗಿ ಮನಿ ಬಾಗಲಾ ತಗದು ಹಿತ್ತಲಾಗಿಂದ ಹೋಗು. ಪಾದ್ರಿಗಳ ಮನಿ ಫೋನಿಂದ ದೊಡ್ಡ ನ್ಯಾಯಾಧೀಶರಿಗೆ ಹಚ್ಚು. ಪೊಲೀಸರಿಗೆ ಮಾತ್ರ ಹಚ್ಚಬ್ಯಾಡ. ಸಿಬ್ರನ್ ಎಲ್ಲಿದಾನಂತ ಈ ಮನಶ್ಯಾಗ ಗೊತ್ತದ.”

ಹೆಸೆಲನ ಮುಖ ಬಿಳಿಚಿಕೊಂಡಿತು. ಆದರೂ ಪುಣ್ಯಕ್ಕೆ ಬಾಯಿ ತೆರೆಯಲಿಲ್ಲ.

“ಏನಂದ್ರಿ ಅವರಿಗೆ?” ಎಂದ ಕೋರ್ಟೆನ್.

“ಕಾಫಿಗೆ ಹಾಲು ಮುಗಿದಿದೆ, ಪಕ್ಕದ ಮನೆಯಿಂದ ತಗೊಂಡ್ಬಾ ಅಂದೆ. ಹಾಲಿಲ್ಲದ ಕಾಫಿ ಕುಡಿದು ಜೈಲಿಗೆ ಹೋಗೋಕೆ ನನಗಿಷ್ಟ ಇಲ್ಲ.”

ಹೆಸೆಲ್ ಎದ್ದ. ದಪ್ಪ ದೇಹವನ್ನು ಕುರ್ಚಿ ಮೇಜುಗಳ ನಡುವೆ ತೂರಿಸಿಕೊಂಡು ಅಡಿಗೆಮನೆಗೆ ಹೋದ. ಹಿತ್ತಿಲ ಬಾಗಿಲ ಚಿಲಕ ಸರಿದ ಸದ್ದು ಕೇಳಿಸಿತು.

ಕೋರ್ಟೆನ್ ನಿಧಾನವಾಗಿ ಮೇಜಿನ ಬಳಿಗೆ ಬಂದು, ಹಾಲಿನ ಜಗ್ಗಿನ ಮುಚ್ಚಳವನ್ನು ಎರಡು ಬೆರಳಲ್ಲಿ ಎತ್ತಿ ಒಳಗೆ ನೋಡಿದ. ಜಗ್ಗು ಕಂಠದ ತನಕ ತುಂಬಿತ್ತು.

ಗೇಸ್ಕೆ ಕೈ ಚಾಚಿ ಆ ಜಗ್ಗನ್ನು ಎತ್ತಿ, ಇನ್ಸ್‌ಪೆಕ್ಟರನ ಬಟ್ಟಲಿಗೆ ಒಂದು ಹನಿಯೂ ಚೆಲ್ಲದ ಹಾಗೆ ಹಾಲು ಬಗ್ಗಿಸಿದಳು. ಅವನ ಕಣ್ಣಲ್ಲಿ ಕಣ್ಣಿಟ್ಟು ಕೇಳಿದಳು:

“ಸಕ್ಕರೆ?”

ಕೋರ್ಟೆನ್ ಮುಗುಳ್ನಕ್ಕ. ಅವನು ಹೆಸೆಲನ ಹಿಂದೆ ಓಡಲಿಲ್ಲ, ಕೂಗಲೂ ಇಲ್ಲ. ಏಕೆಂದು ಅವಳಿಗೆ ಆಗ ತಿಳಿಯಿತು.

ಹಿತ್ತಿಲಿನಲ್ಲಿ ಹೆಸೆಲ್ ದಾರಿಗೆ ಅಡ್ಡ ನಿಂತಿದ್ದ ಯಾರಿಗೋ ಏನನ್ನೋ ತಡವರಿಸುತ್ತ ಹೇಳುತ್ತಿದ್ದ. ಡಚ್ ಭಾಷೆಯಲ್ಲಿ.